ಬೈಟ್ ಆರ್ಡರ್: ಆಲಮಟ್ಟಿಯ ನೀರು 1845 ಮೀಟರ್‌ಗೆ ಏರುವುದು ಹೀಗೆ

ಆಲಮಟ್ಟಿ ಜಲಾಶಯದ ಪೂರ್ಣ ಮಟ್ಟ ಸಮುದ್ರ ಮಟ್ಟದಿಂದ 519.60 ಮೀಟರ್. ಮಳೆಗಾಲ ಬಂತೆಂದರೆ ವಿಜಯಪುರ, ಬಾಗಲಕೋಟೆ ಕಡೆಯವರು ಪೇಪರ್ ತೆಗೆದ ಕೂಡಲೇ ಹುಡುಕುವ ಅಂಕಿ ಇದು. ಇಂಜಿನಿಯರಿಂಗ್ ಕಾಲೇಜಿನ ಹುಡುಗರು ಇದೇ ಅಂಕಿಯನ್ನು ದೂರದಿಂದ ತೋರಿಸುವ ಪ್ರಾಜೆಕ್ಟ್ ಮಾಡಿದರು ಅಂದುಕೊಳ್ಳಿ. ನೀರು 519.2 ಮೀಟರ್ ಇದೆ. ಚುಕ್ಕಿಯ ಕಾಟ ಬೇಡ ಅಂತ ಹತ್ತರಿಂದ ಗುಣಿಸಿ 5192 ಮಾಡಿ ಕಳಿಸುತ್ತಾರೆ. ಆ ಕಡೆಯ ಬೋರ್ಡ್ ಅದನ್ನು ಹತ್ತರಿಂದ ಭಾಗಿಸಿ ಡಿಸ್‌ಪ್ಲೇಗೆ ಹಾಕುತ್ತದೆ. ಡಿಸ್‌ಪ್ಲೇ ಮೇಲೆ 1845.2 ಅಂತ ಬರುತ್ತದೆ. ಮುಳ್ಳಯ್ಯನಗಿರಿಯ ತುದಿ ಮುಟ್ಟಲು ಇನ್ನು ನೂರು ಮೀಟರ್ ಕೂಡ ಇಲ್ಲ!

ಸೆನ್ಸರ್ ಸರಿ ಇದೆ. ವೈರ್ ಸರಿ ಇದೆ. ಎರಡೂ ಬೋರ್ಡ್ ಸರಿ ಇವೆ. ಡೇಟಾ ದಾರಿಯಲ್ಲಿ ಕೆಟ್ಟಿತೇ ಅಂತ ನೋಡುವ ಚೆಕ್‌ಸಮ್ ಹಾಕಿದ್ದರೆ ಅದೂ ಸರಿ ಬಂದಿರುತ್ತದೆ. ಹಾಗಾದರೆ ತಪ್ಪು ಎಲ್ಲಿ?

ಒಂದು ಬೈಟ್ ಅಂದರೆ ಎಂಟು ಬಿಟ್, ಅಂದರೆ ಎಂಟು ಸೊನ್ನೆ ಅಥವಾ ಒಂದುಗಳ ಸಾಲು. ಅದರಲ್ಲಿ 0ಯಿಂದ 255ರವರೆಗೆ ಮಾತ್ರ ಹಿಡಿಸುತ್ತದೆ. 5192 ಅದಕ್ಕಿಂತ ದೊಡ್ಡದು. ಹಾಗಾಗಿ ಅದನ್ನು ಎರಡು ಬೈಟ್ ಮಾಡಬೇಕು. 5192ನ್ನು 256ರಿಂದ ಭಾಗಿಸಿ: 20 ಬರುತ್ತದೆ, 72 ಉಳಿಯುತ್ತದೆ. 20 ಅನ್ನುವುದು ದೊಡ್ಡ ಬೈಟ್, ಯಾಕೆಂದರೆ ಅದರ ಒಂದೊಂದಕ್ಕೂ 256ರ ಬೆಲೆ. 72 ಸಣ್ಣ ಬೈಟ್. ಕಳಿಸುವ ಬೋರ್ಡ್ ಮೊದಲು 20, ಆಮೇಲೆ 72 ಕಳಿಸಿತು. ಪಡೆಯುವ ಬೋರ್ಡ್ ಮೊದಲು ಬಂದದ್ದನ್ನೇ ಸಣ್ಣ ಬೈಟ್ ಅಂದುಕೊಂಡಿತು. ಅದರ ಲೆಕ್ಕದಲ್ಲಿ 72 ಸಲ 256, ಜೊತೆಗೆ 20. ಒಟ್ಟು 18452. ಹತ್ತರಿಂದ ಭಾಗಿಸಿದರೆ 1845.2.

ಒಂದೇ ಒಂದು ಬಿಟ್ ಕೂಡ ಕೆಟ್ಟಿಲ್ಲ ನೋಡಿ. ಬಂದ ಬೈಟ್‌ಗಳೆಲ್ಲ ಸರಿಯಾಗಿಯೇ ಬಂದಿವೆ. ಸಾಲಿನಲ್ಲಿ ಯಾರು ಮೊದಲು ಅನ್ನುವುದರಲ್ಲಿ ಮಾತ್ರ ಇಬ್ಬರ ತಿಳಿವಳಿಕೆ ಬೇರೆ ಬೇರೆ. ಇದೇ ಬೈಟ್ ಆರ್ಡರ್ ಸಮಸ್ಯೆ. ದೊಡ್ಡ ಬೈಟ್ ಮೊದಲು ಬರುವ ಪದ್ಧತಿಗೆ ಬಿಗ್ ಎಂಡಿಯನ್ ಅಂತಾರೆ, ಸಣ್ಣದು ಮೊದಲು ಬರುವುದಕ್ಕೆ ಲಿಟಲ್ ಎಂಡಿಯನ್. ಮೆಮೊರಿಯ ಮಾತಾದರೆ, ಕಡಿಮೆ ನಂಬರಿನ ವಿಳಾಸದಲ್ಲಿ ಯಾವ ಬೈಟ್ ಕೂತಿದೆ ಅನ್ನುವುದೇ ಪ್ರಶ್ನೆ. ಈ ಹೆಸರುಗಳನ್ನು ಕಂಪ್ಯೂಟರ್ ಲೋಕಕ್ಕೆ ತಂದವರು ಡ್ಯಾನಿ ಕೋಹೆನ್, 1980ರ ಏಪ್ರಿಲ್ 1ರಂದು ಬರೆದ ಒಂದು ಟಿಪ್ಪಣಿಯಲ್ಲಿ. ಮೊಟ್ಟೆಯನ್ನು ಯಾವ ತುದಿಯಿಂದ ಒಡೆಯಬೇಕು ಅಂತ ಯುದ್ಧ ಮಾಡುವ ಜನರ ಕಥೆ ಜೊನಾಥನ್ ಸ್ವಿಫ್ಟ್ ಬರೆದ ಗಲಿವರನ ಪ್ರವಾಸದಲ್ಲಿ ಬರುತ್ತದಲ್ಲ, ಅಲ್ಲಿಂದ ಎತ್ತಿಕೊಂಡದ್ದು. ತಾರೀಖು ತಮಾಷೆಯದು, ವಿಷಯ ಗಂಭೀರವೇ.

ಬೆಳಗಾವಿಯವರಿಗೆ ಇದನ್ನು ಹೇಳಿಕೊಡುವುದು ಸುಲಭ. ಕನ್ನಡದಲ್ಲಿ 25 ಅಂದರೆ ಇಪ್ಪತ್ತೈದು, ಇಪ್ಪತ್ತು ಮೊದಲು. ಮರಾಠಿಯಲ್ಲಿ ಪಂಚವೀಸ, ಐದು ಮೊದಲು. ಖಡೇಬಜಾರಿನ ಅಂಗಡಿಯವರಿಗೆ ಎರಡೂ ನಾಲಿಗೆ ತುದಿಯಲ್ಲೇ ಇರುತ್ತವೆ, ತೊಂದರೆ ಇಲ್ಲ. ಮರಾಠಿಯಲ್ಲಿ ಹೇಳಿದ ಫೋನ್ ನಂಬರನ್ನು ಕಿವಿಗೆ ಬಿದ್ದ ಸಾಲಿನಲ್ಲೇ ಗೀಚಿಕೊಳ್ಳುವ ಹೊಸಬ ಮಾತ್ರ 52 ಅಂತ ಬರೆದು, ಯಾರಿಗೋ ಫೋನ್ ಹಚ್ಚುತ್ತಾನೆ.

ಎರಡು ಪದ್ಧತಿ ಯಾಕೆ ಬೇಕಿತ್ತು?

ಬೇಕಿರಲಿಲ್ಲ. ಆದರೆ ಎರಡಕ್ಕೂ ಕಾರಣ ಇದೆ.

ಕೂಡುವ ಲೆಕ್ಕವನ್ನು ನಾವು ಬಲಗಡೆಯಿಂದ, ಅಂದರೆ ಬಿಡಿ ಸ್ಥಾನದಿಂದ ಶುರು ಮಾಡುತ್ತೇವೆ. ದಶಕ ಮುಂದಕ್ಕೆ ಹೋಗಬೇಕಲ್ಲ. 8 ಬಿಟ್‌ನ ಚಿಪ್ 16 ಬಿಟ್‌ನ ಎರಡು ಸಂಖ್ಯೆ ಕೂಡಬೇಕಾದರೂ ಅಷ್ಟೇ. ಮೊದಲು ಸಣ್ಣ ಬೈಟ್‌ಗಳನ್ನು ಕೂಡಿ, ಉಳಿದ ಕ್ಯಾರಿಯನ್ನು ದೊಡ್ಡ ಬೈಟ್‌ಗೆ ಒಯ್ಯಬೇಕು. ಸಣ್ಣ ಬೈಟ್ ಮೊದಲೇ ಸಿಕ್ಕರೆ ಕೆಲಸ ಸಲೀಸು. 1970ರಲ್ಲಿ ಬಂದ ಡೇಟಾಪಾಯಿಂಟ್ 2200 ಅನ್ನುವ ಯಂತ್ರ ಒಂದೊಂದೇ ಬಿಟ್ ಹಿಡಿದು ಲೆಕ್ಕ ಮಾಡುತ್ತಿತ್ತು. ಅದಕ್ಕೆ ಸಣ್ಣ ಕಡೆಯಿಂದ ಶುರು ಮಾಡದೆ ಗತಿಯೇ ಇರಲಿಲ್ಲ. ಇಂಟೆಲ್ ಕಂಪನಿಯ 8008 ಚಿಪ್ ಹುಟ್ಟಿದ್ದು ಅದೇ ಯಂತ್ರದ ಸೂಚನೆಗಳನ್ನು ನಡೆಸಲು. ಅಲ್ಲಿಂದ 8080, ಅಲ್ಲಿಂದ 1978ರ 8086, ಅಲ್ಲಿಂದ ಇವತ್ತಿನ ಲ್ಯಾಪ್‌ಟಾಪ್‌ವರೆಗೆ ಅದೇ ಪದ್ಧತಿ ವಂಶಪಾರಂಪರ್ಯವಾಗಿ ಬಂತು.

ಬಿಗ್ ಎಂಡಿಯನ್ ಮಂದಿಯ ವಾದ ಬೇರೆ. ಮೆಮೊರಿಯನ್ನು ತೆರೆದು ನೋಡಿದರೆ ಸಂಖ್ಯೆ ನಾವು ಬರೆಯುವ ಹಾಗೇ ಕಾಣುತ್ತದೆ. ಎರಡು ಸಂಖ್ಯೆಯಲ್ಲಿ ಯಾವುದು ದೊಡ್ಡದು ಅಂತ ಮೊದಲ ಬೈಟ್‌ನಿಂದಲೇ ಹೋಲಿಸುತ್ತಾ ಹೋಗಬಹುದು. 1964ರ ಐಬಿಎಂ ಸಿಸ್ಟಂ 360 ಈ ದಾರಿ ಹಿಡಿಯಿತು, ಮೊಟೊರೊಲಾದ 6800 ಮತ್ತು 68000 ಕೂಡ. ಇಂಟರ್‌ನೆಟ್‌ನ ಪ್ಯಾಕೆಟ್‌ಗಳ ತಲೆಬರಹಗಳಲ್ಲಿ ಸಂಖ್ಯೆಗಳು ಹೋಗುವುದೂ ದೊಡ್ಡ ಬೈಟ್ ಮೊದಲು. ಅದಕ್ಕೇ ಬಿಗ್ ಎಂಡಿಯನ್‌ಗೆ ನೆಟ್‌ವರ್ಕ್ ಬೈಟ್ ಆರ್ಡರ್ ಅನ್ನುವ ಇನ್ನೊಂದು ಹೆಸರು.

ಯಾವುದು ಒಳ್ಳೆಯದು ಅಂತ ಜಗಳ ಆಡುವುದು ಸುಮ್ನೆ ಟೈಂ ವೇಸ್ಟ್. ನನ್ನನ್ನು ಕೇಳಿದರೆ, ಚಿಪ್‌ನ ಒಳಗೆ ಅದು ಹೇಗಾದರೂ ಇರಲಿ. ಸಂಖ್ಯೆ ಒಂದು ಡಬ್ಬಿಯಿಂದ ಹೊರಬಿದ್ದು ಇನ್ನೊಂದಕ್ಕೆ ಹೋಗುವ ಜಾಗದಲ್ಲಿ ಮಾತ್ರ ಅದರ ಬಗ್ಗೆ ತಲೆ ಕೆಡಿಸಿಕೊಂಡರೆ ಸಾಕು.

ನಿಮ್ಮ ಚಿಪ್ ಯಾವ ಪಕ್ಷ?

ಇವತ್ತು ಕೈಗೆ ಸಿಗುವ ಬಹುತೇಕ ಬೋರ್ಡ್‌ಗಳು ಲಿಟಲ್ ಎಂಡಿಯನ್. ಆರ್ಡುಯಿನೊ ಉನೊ ಬೋರ್ಡ್‌ನ ಎಟಿಮೆಗಾ328ಪಿ, ಎಸ್‌ಟಿಎಂ32, ಇಎಸ್‌ಪಿ32, ರಾಸ್‌ಬೆರಿ ಪೈ ಪಿಕೊ, ಎಂಎಸ್‌ಪಿ430 ಎಲ್ಲ ಅದೇ ಸಾಲಿನವು. ಎಸ್‌ಟಿಎಂ8 ಮಾತ್ರ ಬಿಗ್ ಎಂಡಿಯನ್. ಹೆಸರಿನಲ್ಲಿ ತಮ್ಮನಂತೆ ಕಂಡರೂ ಎಸ್‌ಟಿಎಂ32ಕ್ಕೂ ಅದಕ್ಕೂ ಇಲ್ಲಿ ಹೊಂದಾಣಿಕೆ ಇಲ್ಲ. ಕಡಿಮೆ ಬೆಲೆಯ ಎಸ್‌ಟಿಎಂ8 ಬೋರ್ಡ್‌ಗೆ ಸೆನ್ಸರ್ ಜೋಡಿಸಿ, ಅದರಿಂದ ಎಸ್‌ಟಿಎಂ32ಕ್ಕೆ ಡೇಟಾ ಕಳಿಸುವವರು ಮೊದಲ ದಿನವೇ ಇದನ್ನು ಕಲಿಯುತ್ತಾರೆ.

8051 ಕಥೆ ಇನ್ನೂ ಮಜಾ. ಬೆಳಗಾವಿಯ ಜ್ಞಾನ ಸಂಗಮದಲ್ಲಿ ಕೇಂದ್ರ ಕಚೇರಿ ಇರುವ ವಿಟಿಯು ಅಡಿಯಲ್ಲಿ ಎಲೆಕ್ಟ್ರಾನಿಕ್ಸ್ ಓದಿದ ಎಷ್ಟೋ ಮಂದಿ ಮೈಕ್ರೋಕಂಟ್ರೋಲರ್ (ಒಂದೇ ಚಿಪ್‌ನ ಪುಟ್ಟ ಕಂಪ್ಯೂಟರ್) ಅಂತ ಮೊದಲು ಮುಟ್ಟಿದ್ದು ಈ ಚಿಪ್‌ನ್ನೇ. "ಸರ್, 8051 ಬಿಗ್ಗೋ ಲಿಟ್ಲೋ?" ಅಂತ ಲ್ಯಾಬ್‌ನಲ್ಲಿ ಕೇಳಿದರೆ ನೇರ ಉತ್ತರ ಸಿಗುವುದಿಲ್ಲ. ಅದು 8 ಬಿಟ್‌ನ ಚಿಪ್. ಒಂದು ಸಲಕ್ಕೆ ಒಂದು ಬೈಟ್ ಹಿಡಿಯುವವನಿಗೆ ಸಾಲಿನ ಚಿಂತೆ ಯಾಕೆ? ಆದರೂ ಕೆಲವು ಕಡೆ ಎರಡು ಬೈಟ್ ಬೇಕಾಗುತ್ತವೆ, ಅಲ್ಲಿ ನೋಡಬೇಕು.

ಸಿಮ್ಯುಲೇಟರ್ ತೆರೆದು ನೀವೇ ನೋಡಬಹುದು. ಇಲ್ಲಿಂದ ಮುಂದೆ ಕೆಲವು ಸಂಖ್ಯೆಗಳನ್ನು ಹೆಕ್ಸ್‌ನಲ್ಲಿ, ಅಂದರೆ 16ರ ಲೆಕ್ಕದಲ್ಲಿ ಬರೆಯುತ್ತೇನೆ. ಅದರಲ್ಲಿ ಎರಡು ಅಂಕಿ ಸೇರಿದರೆ ಒಂದು ಬೈಟ್. ಹೆಕ್ಸ್ 1234 ವಿಳಾಸಕ್ಕೆ ಹಾರು ಅಂತ ಎಲ್‌ಜಂಪ್ ಸೂಚನೆ ಬರೆಯಿರಿ. ಪ್ರೋಗ್ರಾಂ ಮೆಮೊರಿಯಲ್ಲಿ 02 12 34 ಅಂತ ಕೂರುತ್ತದೆ. 02 ಅಂದರೆ ಹಾರು. ಆಮೇಲೆ ದೊಡ್ಡ ಬೈಟ್ 12, ಕೊನೆಗೆ ಸಣ್ಣದು 34. ಪಕ್ಕಾ ಬಿಗ್ ಎಂಡಿಯನ್ ಅಲ್ವಾ? ಈಗ ಹೆಕ್ಸ್ 1234ರಲ್ಲೇ ಒಂದು ಎಲ್‌ಕಾಲ್ ಸೂಚನೆ ಇಡಿ. ಬೇರೆ ಕಡೆ ಹೋಗಿ ಕೆಲಸ ಮುಗಿಸಿ ವಾಪಸ್ ಬಾ ಅಂತ ಅದರ ಅರ್ಥ. ಅದಕ್ಕೆ ಮೂರು ಬೈಟ್ ಬೇಕು. ಹಾಗಾಗಿ ವಾಪಸ್ ಬರಬೇಕಾದ ವಿಳಾಸ 1237. ಅದನ್ನು ಚಿಪ್ ಸ್ಟ್ಯಾಕ್‌ಗೆ, ಅಂದರೆ ಇಂಥ ವಿಳಾಸ ನೆನಪಿಡುವ ಮೆಮೊರಿಯ ಜಾಗಕ್ಕೆ ಹಾಕುತ್ತದೆ. ರಿಸೆಟ್ ಆದಾಗ ಆ ಜಾಗ ತೋರಿಸುವ ಸ್ಟ್ಯಾಕ್ ಪಾಯಿಂಟರ್ 07 ಇರುತ್ತದೆ, ಮೊದಲ ಬೈಟ್ 08ಕ್ಕೆ ಹೋಗುತ್ತದೆ. ನೋಡಿ: 08ರಲ್ಲಿ 37, 09ರಲ್ಲಿ 12. ಸಣ್ಣ ಬೈಟ್ ಮೊದಲು! ಒಂದೇ ಚಿಪ್, ಎರಡು ಪದ್ಧತಿ.

ಸಿ ಭಾಷೆಗೆ ಬಂದರೆ ಇದು ಚಿಪ್‌ನ ಕೈಯಲ್ಲೂ ಇಲ್ಲ, ಕೋಡನ್ನು ಚಿಪ್‌ನ ಭಾಷೆಗೆ ಇಳಿಸುವ ಕಂಪೈಲರ್ ಕೈಯಲ್ಲಿದೆ. ಕೈಲ್ ಕಂಪನಿಯ ಸಿ51 ಕಂಪೈಲರ್ 16 ಬಿಟ್‌ನ ವೇರಿಯಬಲ್‌ನಲ್ಲಿ ದೊಡ್ಡ ಬೈಟನ್ನು ಮೊದಲು ಇಡುತ್ತದೆ. ಪುಕ್ಕಟೆ ಸಿಗುವ ಎಸ್‌ಡಿಸಿಸಿ ಸಣ್ಣದನ್ನು ಮೊದಲು ಇಡುತ್ತದೆ. ಕಾಲೇಜಿನಲ್ಲಿ ಕೈಲ್‌ನಲ್ಲಿ ನಡೆದ ಕೋಡ್ ಮನೆಯಲ್ಲಿ ಎಸ್‌ಡಿಸಿಸಿಗೆ ಹಾಕಿದ ಮೇಲೆ ಸೀರಿಯಲ್ ಪೋರ್ಟ್‌ನಲ್ಲಿ ಚಿತ್ರವಿಚಿತ್ರ ಅಂಕಿ ಕಳಿಸಿದರೆ, ಪಾಯಿಂಟರ್ (ಮೆಮೊರಿಯ ವಿಳಾಸ) ಹಿಡಿದು ಬೈಟ್ ಬೈಟ್ ಕಳಿಸಿದ ಸಾಲುಗಳನ್ನು ಮೊದಲು ಹುಡುಕಿ.

ಸೆನ್ಸರ್‌ಗಳ ಊರು

ಚಿಪ್ ಲಿಟಲ್ ಎಂಡಿಯನ್ ಆದರೆ ಸೆನ್ಸರ್ ಅದನ್ನು ಕೇಳಿಕೊಂಡು ಡೇಟಾ ಕಳಿಸುವುದಿಲ್ಲ. ಅದರ ಡೇಟಾಶೀಟ್‌ನಲ್ಲಿ ಹೇಗಿದೆಯೋ ಹಾಗೆ.

ಡಿಎಚ್‌ಟಿ22 ಗೊತ್ತಲ್ಲ, ಉಷ್ಣತೆ ಮತ್ತು ತೇವಾಂಶ ಎರಡೂ ಹೇಳುವ ಬಿಳಿ ಡಬ್ಬಿ. ವಿಜಯಪುರ ಜಿಲ್ಲೆಯ ತಿಕೋಟಾ ಕಡೆ ದ್ರಾಕ್ಷಿ ಒಣಗಿಸುವ ಶೆಡ್‌ನಲ್ಲಿ ಇಂಥದ್ದೊಂದನ್ನು ತೂಗುಹಾಕಿದರು ಅಂದುಕೊಳ್ಳಿ. ಬಿಸಿಲು 37.7 ಡಿಗ್ರಿ. ಸೆನ್ಸರ್ ಅದನ್ನು 377 ಅಂತ, ಹೆಕ್ಸ್‌ನಲ್ಲಿ 01 79 ಅಂತ, ದೊಡ್ಡ ಬೈಟ್ ಮೊದಲು ಕಳಿಸುತ್ತದೆ. ತಿರುಗಿಸಿ ಓದಿದರೆ 79 01, ಅಂದರೆ 30977. ಹತ್ತರಿಂದ ಭಾಗಿಸಿ, 3097.7 ಡಿಗ್ರಿ. ಆಗ ಶೆಡ್ ಮಾಲೀಕರಿಂದ ಫೋನ್ ಬರುತ್ತದೆ:

"ತಮ್ಮಾ, ನಿನ್ನ ಡಬ್ಬಿ ಮೂರ ಸಾವಿರ ಡಿಗ್ರಿ ಅನ್ನಾಕತ್ತೈತಿ. ಮಣೂಕ ಬಿಡು, ಶೆಡ್ಡ ಸುಟ್ಟ ಬೂದಿ ಆಗಬೇಕಿತ್ತಲ್ಲೋ?"

"ಕಾಕಾರ, ಬಿಸಲಿಂದ ತಪ್ಪಿಲ್ರಿ. ಬೈಟ್ ಹಿಂದಮುಂದ ಆಗ್ಯಾವ. ಸಂಜಿಕ ಬಂದು ಸರಿ ಮಾಡ್ತೀನ್ರಿ."

ಉಷ್ಣತೆ ಅಳೆಯುವ ಇನ್ನೊಂದು ಸೆನ್ಸರ್ ಡಿಎಸ್18ಬಿ20 ಇದಕ್ಕೆ ಉಲ್ಟಾ. ಅದರ ಮೊದಲ ಬೈಟ್ ಸಣ್ಣದು. 25.0625 ಡಿಗ್ರಿಗೆ ಅದರೊಳಗಿನ ಸಂಖ್ಯೆ ಹೆಕ್ಸ್ 0191, ಬರುವುದು 91 ಆಮೇಲೆ 01. ಡಿಎಚ್‌ಟಿ22ಕ್ಕೆ ಬರೆದ ಫಂಕ್ಷನ್ನನ್ನೇ ಇದಕ್ಕೂ ಹಚ್ಚಿದರೆ ಹೆಕ್ಸ್ 9101 ಆಗುತ್ತದೆ. ಅದರ ಮೇಲಿನ ಬಿಟ್ ಒಂದು, ಹಾಗಾಗಿ ಅದು ಮೈನಸ್ ಸಂಖ್ಯೆ. ಈ ಸೆನ್ಸರ್‌ನಲ್ಲಿ ಡಿಗ್ರಿಗೆ 16ರ ಲೆಕ್ಕವಾದ್ದರಿಂದ 16ರಿಂದ ಭಾಗಿಸಿದಾಗ ಮೈನಸ್ 1775.9 ಡಿಗ್ರಿ. ಮೈನಸ್ 273ಕ್ಕಿಂತ ಕೆಳಗೆ ಉಷ್ಣತೆಯೇ ಇಲ್ಲ ಅನ್ನುವುದು ಪಿಯುಸಿ ಪಾಠ. ಆದರೆ ಆ ಪಾಠ ಮೈಕ್ರೋಕಂಟ್ರೋಲರ್‌ಗೆ ಯಾರೂ ಹೇಳಿಕೊಟ್ಟಿಲ್ಲ.

ಚಲನೆ ಅಳೆಯುವ ಸೆನ್ಸರ್‌ಗಳಲ್ಲೂ ಇದೇ ಹಣೆಬರಹ. ಎಂಪಿಯು6050 ದೊಡ್ಡದನ್ನು ಮೊದಲು ಕೊಡುತ್ತದೆ, ಎಡಿಎಕ್ಸ್‌ಎಲ್345 ಸಣ್ಣದನ್ನು. ಒಂದನ್ನು ತೆಗೆದು ಇನ್ನೊಂದನ್ನು ಹಾಕುವಾಗ ಅಡ್ರೆಸ್ ಬದಲಿಸಿದರೆ ಸಾಲದು.

ಎಲ್ಲಕ್ಕಿಂತ ಜಾಸ್ತಿ ಕಾಡುವುದು ಬಾಷ್ ಕಂಪನಿಯ ಬಿಎಂಪಿ280. ಗಾಳಿಯ ಒತ್ತಡ ಅಳೆಯುವ ಚಿಕ್ಕ ಚಿಪ್ ಇದು. ಕಾರ್ಖಾನೆಯಲ್ಲೇ ತುಂಬಿದ ಕ್ಯಾಲಿಬ್ರೇಷನ್ ಸಂಖ್ಯೆಗಳು ಇದರಲ್ಲಿ ಸಣ್ಣ ಬೈಟ್ ಮೊದಲು. ಅಳತೆಯ ಸಂಖ್ಯೆ ದೊಡ್ಡ ಬೈಟ್ ಮೊದಲು. ಒಂದೇ ಚಿಪ್‌ನೊಳಗೆ! ಅದರ ಅಣ್ಣ ಬಿಎಂಪಿ180ರಲ್ಲಿ ಎರಡೂ ದೊಡ್ಡದು ಮೊದಲು ಇದ್ದವು. ಹಳೆಯ ಕೋಡ್ ಕಾಪಿ ಮಾಡಿದವರಿಗೆ ಇಲ್ಲಿ ಸಿಗುವ ಉತ್ತರ ಪೂರ್ತಿ ಹುಚ್ಚಾಗಿಯೂ ಇರದೆ, ಸರಿಯಾಗಿಯೂ ಇರದೆ ಸತಾಯಿಸಬಹುದು, ಯಾಕೆಂದರೆ ಕ್ಯಾಲಿಬ್ರೇಷನ್ ಸಂಖ್ಯೆಗಳು ಸೂತ್ರದೊಳಗೆ ಬೆರೆತುಹೋಗುತ್ತವೆ.

ಸಕ್ಕರೆ ಕಾರ್ಖಾನೆಯ ಮೀಟರ್

ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳಲ್ಲಿ ಇಂಥ ಕೆಲಸ ಮಾಡುವವರಿಗೆ ಇವತ್ತಲ್ಲ ನಾಳೆ ಸಕ್ಕರೆ ಕಾರ್ಖಾನೆಯ ಪ್ಯಾನೆಲ್ ಎದುರು ನಿಲ್ಲುವ ಪ್ರಸಂಗ ಬರುತ್ತದೆ. ಕಬ್ಬು ನುರಿಸುವ ಹಂಗಾಮು ಶುರುವಾಗಿದೆ, ಎನರ್ಜಿ ಮೀಟರ್‌ನಿಂದ ಡೇಟಾ ತೆಗೆದು ಆಫೀಸಿನ ಕಂಪ್ಯೂಟರ್‌ಗೆ ಕೊಡಬೇಕು. ಮೀಟರ್‌ನ ಹಿಂದೆ ಎರಡು ವೈರ್. ಅದು ಮಾತಾಡುವ ಭಾಷೆ ಮಾಡ್‌ಬಸ್. 1979ರಲ್ಲಿ ಮೋಡಿಕಾನ್ ಕಂಪನಿ ಮಾಡಿದ್ದು, ಇವತ್ತಿಗೂ ಕಾರ್ಖಾನೆಗಳಲ್ಲಿ ಅದರದೇ ರಾಜ್ಯಭಾರ.

ಮಾಡ್‌ಬಸ್‌ನಲ್ಲಿ ಒಂದು ರಿಜಿಸ್ಟರ್ ಅಂದರೆ 16 ಬಿಟ್, ಎರಡು ಬೈಟ್. ದೊಡ್ಡ ಬೈಟ್ ಮೊದಲು ಹೋಗಬೇಕು ಅಂತ ನಿಯಮ ಸ್ಪಷ್ಟವಾಗಿದೆ. ತಮಾಷೆ ಏನೆಂದರೆ, ಅದೇ ಸಂದೇಶದ ಕೊನೆಯಲ್ಲಿ ಬರುವ ಸಿಆರ್‌ಸಿ (ತಪ್ಪು ಹಿಡಿಯಲು ಸೇರಿಸುವ ಸಂಖ್ಯೆ) ಮಾತ್ರ ಸಣ್ಣ ಬೈಟ್ ಮೊದಲು. ಮಾಡ್‌ಬಸ್ ಕೋಡನ್ನು ಕೈಯಾರೆ ಬರೆಯುವವರು ಮೊದಲು ಎಡವುವುದು ಇಲ್ಲೇ. ಸಿಆರ್‌ಸಿ ಉಲ್ಟಾ ಹೋದರೆ ಮೀಟರ್ ಬಾಯಿಯೇ ಬಿಡುವುದಿಲ್ಲ. ಎ ಮತ್ತು ಬಿ ವೈರ್ ಅದಲುಬದಲಾಯಿತೇನೋ ಅಂತ ಸ್ಕ್ರೂ ಡ್ರೈವರ್ ಹಿಡಿದು ಕೂರುತ್ತೇವೆ.

ನಿಜವಾದ ಗೊಂದಲ 32 ಬಿಟ್‌ನ ಸಂಖ್ಯೆಗಳದ್ದು. ವೋಲ್ಟೇಜ್, ಕರೆಂಟ್ ಎಲ್ಲ ಸಾಮಾನ್ಯವಾಗಿ ಫ್ಲೋಟ್ (ಚುಕ್ಕಿ ಇರುವ ಸಂಖ್ಯೆ) ಆಗಿ ಬರುತ್ತವೆ, ಒಂದೊಂದಕ್ಕೆ ಎರಡೆರಡು ರಿಜಿಸ್ಟರ್ ಬೇಕು. ಎರಡರಲ್ಲಿ ಯಾವ ರಿಜಿಸ್ಟರ್ ಮೊದಲು ಅಂತ ಮಾಡ್‌ಬಸ್ ನಿಯಮ ಹೇಳಿಲ್ಲ. ಹಾಗಾಗಿ ಒಬ್ಬೊಬ್ಬ ಮೀಟರ್ ತಯಾರಕರದ್ದು ಒಂದೊಂದು ದಾರಿ. ನಾಲ್ಕು ಬೈಟ್‌ಗೆ ದೊಡ್ಡದರಿಂದ ಸಣ್ಣದಕ್ಕೆ ಎಬಿಸಿಡಿ ಅಂತ ಹೆಸರಿಟ್ಟರೆ, ಎಬಿಸಿಡಿ, ಸಿಡಿಎಬಿ, ಬಿಎಡಿಸಿ, ಡಿಸಿಬಿಎ ನಾಲ್ಕೂ ಬಗೆ ಫೀಲ್ಡ್‌ನಲ್ಲಿ ಸಿಗುತ್ತವೆ.

230 ವೋಲ್ಟ್ ಹಿಡಿದು ನೋಡೋಣ. 32 ಬಿಟ್ ಫ್ಲೋಟ್‌ನಲ್ಲಿ 230.0 ಅಂದರೆ ಹೆಕ್ಸ್ 43 66 00 00. ಮೀಟರ್ ಇದನ್ನು ಸಿಡಿಎಬಿ ಸಾಲಿನಲ್ಲಿ ಕಳಿಸಿದರೆ ವೈರ್ ಮೇಲೆ 00 00 43 66 ಬರುತ್ತದೆ. ನಮ್ಮ ಪ್ರೋಗ್ರಾಂ ಅದನ್ನು ಎಬಿಸಿಡಿ ಅಂತ ಓದಿದರೆ ಸಿಗುವ ಸಂಖ್ಯೆ ಎಷ್ಟು ಸಣ್ಣದೆಂದರೆ, ಚುಕ್ಕಿಯ ಆಚೆ ನಲವತ್ತು ಸೊನ್ನೆ ದಾಟಿದ ಮೇಲೆ ಮೊದಲ ಅಂಕಿ. ಸ್ಕ್ರೀನ್ ಮೇಲೆ 0.00. ಪ್ಯಾನೆಲ್ ಮೇಲಿನ ಬಲ್ಬ್ ಉರಿಯುತ್ತಿದೆ, ಮೀಟರ್‌ನ ಮುಖದ ಮೇಲೆ 230 ಇದೆ, ಕಂಪ್ಯೂಟರ್ ಮಾತ್ರ ಕರೆಂಟೇ ಇಲ್ಲ ಅನ್ನುತ್ತದೆ. ಮೀಟರ್ ಬಿಎಡಿಸಿ ಸಾಲಿನದಾದರೆ ಬರುವುದು 66 43 00 00. ಅದು ಇನ್ನೊಂದು ತುದಿ: 230ರ ಪಕ್ಕ 21 ಸೊನ್ನೆ ಇಟ್ಟಷ್ಟು ವೋಲ್ಟ್! ಮೊದಲ ಅಂಕಿಗಳು 230 ಆಗಿ ಬಂದದ್ದು ಬರೀ ಕಾಕತಾಳೀಯ, ಅದನ್ನು ನೋಡಿ "ಬರೀ ಚುಕ್ಕಿಯ ಜಾಗ ತಪ್ಪಿದೆ" ಅಂದುಕೊಂಡವರು ದಾರಿ ತಪ್ಪುತ್ತಾರೆ.

ಈ ಎರಡು ಲಕ್ಷಣ ನೆನಪಿರಲಿ. ಫ್ಲೋಟ್ ಓದುವಾಗ 0.00 ಅಥವಾ ಊಹೆಗೂ ಮೀರಿದ ಸಂಖ್ಯೆ ಬಂತೆಂದರೆ, ವೈರ್ ಬಿಚ್ಚುವ ಮೊದಲು ಬಂದ ನಾಲ್ಕು ಬೈಟ್‌ಗಳನ್ನು ಹೆಕ್ಸ್‌ನಲ್ಲಿ ಪ್ರಿಂಟ್ ಮಾಡಿ. ಅದರಲ್ಲಿ 43 ಎಲ್ಲಿದೆ ನೋಡಿ. 128ರಿಂದ 512ರೊಳಗಿನ ಪ್ರತಿ ಫ್ಲೋಟ್ ಸಂಖ್ಯೆಯ ದೊಡ್ಡ ಬೈಟ್ 43 ಆಗಿಯೇ ಇರುತ್ತದೆ. ಸಿಂಗಲ್ ಫೇಸ್‌ನ 230 ಆಗಲಿ, ತ್ರೀ ಫೇಸ್‌ನ 415 ಆಗಲಿ, ಆ ವ್ಯಾಪ್ತಿಯೊಳಗೇ ಬೀಳುತ್ತದೆ. 43 ಮೊದಲ ಸ್ಥಾನದಲ್ಲಿದ್ದರೆ ಎಬಿಸಿಡಿ, ಎರಡನೆಯದರಲ್ಲಿದ್ದರೆ ಬಿಎಡಿಸಿ, ಮೂರನೆಯದರಲ್ಲಿದ್ದರೆ ಸಿಡಿಎಬಿ, ಕೊನೆಯದರಲ್ಲಿದ್ದರೆ ಡಿಸಿಬಿಎ. ಮ್ಯಾನುಯಲ್ ಕಳೆದುಹೋದ ಮೀಟರ್‌ಗೂ ಇದು ನಡೆಯುತ್ತದೆ.

ಯೂನಿಟ್ ಎಣಿಸುವ 32 ಬಿಟ್‌ನ ಪೂರ್ಣಾಂಕದಲ್ಲಿ ರಿಜಿಸ್ಟರ್‌ಗಳು ಹಿಂದುಮುಂದಾದರೆ ಬೇರೆ ಲಕ್ಷಣ. 5 ಯೂನಿಟ್ ಇರುವ ಕಡೆ 327680 ಕಾಣುತ್ತದೆ, ಅಂದರೆ 5 ಸಲ 65536. ಯೂನಿಟ್ ಒಂದು ಏರಿದರೆ ಸ್ಕ್ರೀನ್ ಮೇಲೆ ಅರವತ್ತೈದು ಸಾವಿರ ಏರುತ್ತದೆ. ಬಿಲ್ ಯಾರಾದರೂ ಇದನ್ನು ನೋಡಿ ಹಾಕಿದರೆ ಕಾರ್ಖಾನೆಯನ್ನೇ ಮಾರಬೇಕು.

ಕೋಡ್ ಬರೆಯುವಾಗ

ಇಲ್ಲಿ ನನ್ನದು ಹಟದ ಅಭಿಪ್ರಾಯ. ಬೈಟ್‌ಗಳ ಮೇಲೆ ಪಾಯಿಂಟರ್ ಹಾಕಿ "ಇದನ್ನು 16 ಬಿಟ್ ಅಂತ ಓದು" ಅನ್ನುವುದನ್ನು ಬಿಟ್ಟುಬಿಡಿ. ಲೆಕ್ಕ ಮಾಡಿ ಕಟ್ಟಿ. ದೊಡ್ಡದು ಮೊದಲು ಬಂದರೆ: ಮೊದಲ ಬೈಟ್ × 256 + ಎರಡನೇ ಬೈಟ್. ಸಣ್ಣದು ಮೊದಲು ಬಂದರೆ: ಎರಡನೇ ಬೈಟ್ × 256 + ಮೊದಲ ಬೈಟ್. 256ರಿಂದ ಗುಣಿಸುವ ಬದಲು ಎಂಟು ಬಿಟ್ ಎಡಕ್ಕೆ ಸರಿಸಿದರೂ ಒಂದೇ. ಈ ಲೆಕ್ಕಕ್ಕೆ ನಿಮ್ಮ ಚಿಪ್ ಯಾವ ಪಕ್ಷ ಅಂತ ಗೊತ್ತಿರುವ ಅಗತ್ಯವೇ ಇಲ್ಲ. ಉನೊದಲ್ಲೂ ಅದೇ ಉತ್ತರ, ಎಸ್‌ಟಿಎಂ8ರಲ್ಲೂ ಅದೇ ಉತ್ತರ, ಲ್ಯಾಪ್‌ಟಾಪ್‌ನಲ್ಲೂ ಅದೇ. ಕಳಿಸುವಾಗಲೂ ಹೀಗೇ: 256ರಿಂದ ಭಾಗಿಸಿ ಬಂದದ್ದು ಒಂದು ಬೈಟ್, ಉಳಿದದ್ದು ಇನ್ನೊಂದು.

ಪಾಯಿಂಟರ್ ಬೇಡ ಅನ್ನಲು ಇನ್ನೊಂದು ಕಾರಣ ಇದೆ. ಕಾರ್ಟೆಕ್ಸ್ ಎಂ0 ಪ್ರೊಸೆಸರ್ ಇರುವ ಚಿಪ್‌ನಲ್ಲಿ ಬೆಸ ವಿಳಾಸದಿಂದ 16 ಬಿಟ್ ಓದಲು ಹೋದರೆ ಹಾರ್ಡ್ ಫಾಲ್ಟ್ ಆಗಿ ಪ್ರೋಗ್ರಾಂ ಅಲ್ಲೇ ನಿಲ್ಲುತ್ತದೆ. ಉನೊದಲ್ಲಿ ಅದೇ ಸಾಲು ಚೆನ್ನಾಗಿ ನಡೆದಿರುತ್ತದೆ.

ಲೆಕ್ಕದ ದಾರಿಯಲ್ಲೂ ಒಂದು ಗುಂಡಿ ಇದೆ. ಉನೊದಲ್ಲಿ ಇಂಟ್ ಅಂದರೆ 16 ಬಿಟ್, 32767ಕ್ಕಿಂತ ಮೇಲೆ ಹಿಡಿಸುವುದಿಲ್ಲ. ದೊಡ್ಡ ಬೈಟ್ 200 ಇದ್ದರೆ 200 × 256 ಅಂದರೆ 51200. ಅದು ಉಕ್ಕಿ ಮೈನಸ್‌ಗೆ ಹೋಗಬಹುದು. ನಾಲ್ಕು ಬೈಟ್‌ನ ಸಂಖ್ಯೆ ಕಟ್ಟುವಾಗ ಇನ್ನೂ ಕಷ್ಟ, ಮೇಲಿನ ಎರಡು ಬೈಟ್ ಕಳೆದೇ ಹೋಗುತ್ತವೆ. ಗುಣಿಸುವ ಅಥವಾ ಸರಿಸುವ ಮೊದಲೇ ಬೈಟನ್ನು ಸಾಕಷ್ಟು ಅಗಲದ, ಮೈನಸ್ ಇಲ್ಲದ ವೇರಿಯಬಲ್‌ಗೆ ಹಾಕಿಕೊಳ್ಳಿ. ಮೈನಸ್ ಬೇಕಿದ್ದರೆ ಪೂರ್ತಿ ಕಟ್ಟಿದ ಮೇಲೆ ಬದಲಿಸಿ. ಫ್ಲೋಟ್ ಆದರೆ 32 ಬಿಟ್ ಕಟ್ಟಿ, ಆಮೇಲೆ ಬೈಟ್‌ಗಳನ್ನು ಇದ್ದ ಹಾಗೇ ನಕಲು ಮಾಡುವ ಮೆಮ್‌ಕಾಪಿಯಿಂದ ಫ್ಲೋಟ್‌ಗೆ ಇಳಿಸಿ. ತೂಕದ ಲೋಡ್ ಸೆಲ್‌ಗೆ ಹಾಕುವ ಎಚ್‌ಎಕ್ಸ್711 ದೊಡ್ಡ ಬಿಟ್ ಮೊದಲು ಮಾಡಿ 24 ಬಿಟ್ ಕೊಡುತ್ತದೆ. ಅಲ್ಲಿ ಬಂದ ಸಂಖ್ಯೆ 8388608 ಅಥವಾ ಅದಕ್ಕಿಂತ ಹೆಚ್ಚಿದ್ದರೆ 16777216 ಕಳೆಯಬೇಕು. ಇಲ್ಲದಿದ್ದರೆ ಖಾಲಿ ತಕ್ಕಡಿ ಸೊನ್ನೆಗಿಂತ ಚೂರು ಕೆಳಗೆ ಇಳಿದ ಕ್ಷಣ ಭಾರೀ ತೂಕ ತೋರಿಸುತ್ತದೆ.

ಹಲವು ವೇರಿಯಬಲ್‌ಗಳನ್ನು ಒಟ್ಟಿಗೆ ಕಟ್ಟಿದ ಇಡೀ ಸ್ಟ್ರಕ್ಟನ್ನೇ ಒಂದೇಟಿಗೆ ಕಳಿಸುವ ಆಸೆ ಎಲ್ಲರಿಗೂ ಬರುತ್ತದೆ. ಉನೊ, ಇಎಸ್‌ಪಿ32 ಎರಡೂ ಲಿಟಲ್ ಎಂಡಿಯನ್ ತಾನೇ, ಏನಾಗುತ್ತೆ ಅಂತ. ಬೈಟ್ ಆರ್ಡರ್ ಹೊಂದುತ್ತದೆ, ನಿಜ. ಆದರೆ ಇಂಟ್ ಉನೊದಲ್ಲಿ ಎರಡು ಬೈಟ್, ಇಎಸ್‌ಪಿ32ರಲ್ಲಿ ನಾಲ್ಕು. ಡಬಲ್ ಉನೊದಲ್ಲಿ ನಾಲ್ಕು, ಅಲ್ಲಿ ಎಂಟು. ಮಧ್ಯೆ ಕಂಪೈಲರ್ ತುಂಬುವ ಖಾಲಿ ಬೈಟ್‌ಗಳು ಬೇರೆ.

ಬೇರೆಯವರು ಬರೆದಿಟ್ಟ ಕೋಡ್‌ನ ಲೈಬ್ರರಿ ಬಳಸುವವರು ಒಂದು ಮಾತು ನೋಡಿಕೊಳ್ಳಿ: ಲೈಬ್ರರಿ ಆಗಲೇ ಬೈಟ್ ತಿರುಗಿಸಿ ಕೊಟ್ಟಿದ್ದರೆ ನೀವು ಮತ್ತೆ ತಿರುಗಿಸಬಾರದು. ದೂರಕ್ಕೆ ರೇಡಿಯೊದಲ್ಲಿ ಡೇಟಾ ಕಳಿಸುವ ಲೊರಾವ್ಯಾನ್‌ನ ಹಳೆಯ ಎಲ್‌ಮಿಕ್ ಲೈಬ್ರರಿಯಲ್ಲಿ ಡಿವೈಸ್ ಇಯುಐ (ಬೋರ್ಡ್‌ನ ಗುರುತಿನ ಸಂಖ್ಯೆ) ಸಣ್ಣ ಬೈಟ್ ಮೊದಲು ಕೊಡಬೇಕು, ಆಪ್ ಕೀ (ಗುಪ್ತ ಕೀಲಿ) ದೊಡ್ಡದು ಮೊದಲು. ಎರಡೂ ಒಂದೇ ಫೈಲ್‌ನಲ್ಲಿ, ಒಂದರ ಕೆಳಗೆ ಒಂದು. ಎಷ್ಟು ಜನ ಇಲ್ಲಿ ಸಿಕ್ಕಿಬಿದ್ದಿದ್ದಾರೋ!

ಬಿಟ್‌ಗಳ ಸಾಲು ಬೇರೆ ವಿಷಯ, ಇದರ ಜೊತೆ ಕಲಸಬೇಡಿ. ಸೀರಿಯಲ್ ಪೋರ್ಟ್ ನಡೆಸುವ ಯುಆರ್ಟ್ ಒಂದು ಬೈಟ್‌ನ ಸಣ್ಣ ಬಿಟ್ ಮೊದಲು ಕಳಿಸುತ್ತದೆ, ಸೆನ್ಸರ್‌ಗಳನ್ನು ಜೋಡಿಸುವ ಐ2ಸಿ ಲೈನ್ ದೊಡ್ಡ ಬಿಟ್ ಮೊದಲು. ಅದನ್ನು ಹಾರ್ಡ್‌ವೇರೇ ನೋಡಿಕೊಳ್ಳುತ್ತದೆ.

ಉನೊದ ಎಡಿಸಿಯಲ್ಲಿ (ವೋಲ್ಟೇಜನ್ನು ಅಂಕಿ ಮಾಡುವ ಭಾಗ) ಮಾತ್ರ ಸಾಲಿಗೆ ಇನ್ನೊಂದು ಅರ್ಥ ಇದೆ. ಅದರ ಉತ್ತರ 10 ಬಿಟ್, ಎರಡು ರಿಜಿಸ್ಟರ್‌ನಲ್ಲಿ ಹಂಚಿಕೊಂಡಿರುತ್ತದೆ. ಸಣ್ಣದನ್ನು ಮೊದಲು ಓದಬೇಕು. ಓದಿದ ಕೂಡಲೇ ಚಿಪ್ ದೊಡ್ಡದನ್ನೂ ಹಾಗೇ ಹಿಡಿದಿಡುತ್ತದೆ, ನೀವು ಅದನ್ನೂ ಓದುವವರೆಗೆ ಹೊಸ ಉತ್ತರ ಒಳಗೆ ಬರುವುದಿಲ್ಲ. ಉಲ್ಟಾ ಓದಿದರೆ ಒಂದು ಅಳತೆಯ ಅರ್ಧ, ಇನ್ನೊಂದು ಅಳತೆಯ ಅರ್ಧ ಸೇರಿ ಎರಡಕ್ಕೂ ಸಂಬಂಧವಿಲ್ಲದ ಸಂಖ್ಯೆ ಹುಟ್ಟಬಹುದು. ಎರಡನ್ನೂ ಒಟ್ಟಿಗೆ 16 ಬಿಟ್ ಆಗಿ ಕೇಳಿದರೆ ಕಂಪೈಲರ್ ಸರಿಯಾದ ಸಾಲಿನಲ್ಲೇ ಓದುತ್ತದೆ.

ಪರೀಕ್ಷೆ ಮಾಡುವುದು

ಹೊಸ ಲಿಂಕ್ ನಡೆಯುತ್ತಿದೆಯೇ ಅಂತ ನೋಡಲು 0 ಕಳಿಸುವುದು, 257 ಕಳಿಸುವುದು ದಂಡ. 257 ಅಂದರೆ 1 ಮತ್ತು 1, ತಿರುಗಿಸಿದರೂ 257. ಹೆಕ್ಸ್ 1234 ಕಳಿಸಿ, ಅದು 4660. ಆ ಕಡೆ 13330 ಕಂಡರೆ ಬೈಟ್ ತಿರುಗಿದೆ. ನಾಲ್ಕು ಬೈಟ್‌ಗೆ 12 34 56 78 ಕಳಿಸಿದರೆ ಯಾವ ಸಾಲು ಅಂತ ಕಣ್ಣಿಗೇ ಕಾಣುತ್ತದೆ. ಕಳಿಸುವ ಕಡೆ ನಿಮ್ಮ ಕೈಯಲ್ಲಿ ಇಲ್ಲದಿದ್ದರೆ, ಒಂದೊಂದೇ ಏರುವ ಸಂಖ್ಯೆ ಏನಾದರೂ ಇದೆಯಾ ಹುಡುಕಿ. 256, 512, 768 ಅಂತ ಜಿಗಿಯುತ್ತಿದ್ದರೆ ಬೇರೆ ಸಾಕ್ಷಿ ಬೇಡ.

ಹಾಗಂತ ವಿಚಿತ್ರ ಅಂಕಿ ಕಂಡಾಗೆಲ್ಲ ಬೈಟ್ ಆರ್ಡರ್ ಮೇಲೆ ಗೂಬೆ ಕೂರಿಸಬೇಡಿ. ಡಿಎಸ್18ಬಿ20 ಸರಿಯಾಗಿ 85 ಡಿಗ್ರಿ ತೋರಿಸಿದರೆ ಅದು ಪವರ್ ಬಂದಾಗ ಚಿಪ್‌ನಲ್ಲಿ ಮೊದಲೇ ಇರುವ ಅಂಕಿ, ಹೆಕ್ಸ್ 0550. ಅಳತೆ ಮುಗಿಯುವ ಮೊದಲೇ ಓದಿದ್ದೀರಿ ಅಂತ ಅರ್ಥ. ಬೈಟ್ ತಿರುಗಿದ್ದರೆ 1280 ಬರಬೇಕಿತ್ತು. ಇದೇ ಸೆನ್ಸರ್ ಓದುವ ಆರ್ಡುಯಿನೊದ ಡಲ್ಲಾಸ್ ಲೈಬ್ರರಿ ಮೈನಸ್ 127 ಅಂದರೆ ಸೆನ್ಸರ್ ಸಿಕ್ಕಿಲ್ಲ. ಐ2ಸಿ ಸೆನ್ಸರ್‌ನಿಂದ 65535 ಅಥವಾ ಮೈನಸ್ 1 ಬರುತ್ತಿದ್ದರೆ ಬಹುತೇಕ ಆ ಕಡೆ ಯಾರೂ ಇಲ್ಲ. ಲೈನ್‌ನ್ನು ಪುಲ್ ಅಪ್ ರೆಸಿಸ್ಟರ್ ಮೇಲೆ ಎತ್ತಿ ಹಿಡಿದಿರುತ್ತದೆ, ಎಲ್ಲ ಬಿಟ್ ಒಂದು ಅಂತಲೇ ಓದುತ್ತದೆ. 255 ಮತ್ತು 255ನ್ನು ಎಷ್ಟು ಸಲ ಅದಲುಬದಲು ಮಾಡಿದರೂ 65535ಏ ಬರುವುದು. ಅಲ್ಲಿ ಮಲ್ಟಿಮೀಟರ್ ತೆಗೆದುಕೊಳ್ಳಿ.